ಝಳಕಿ ಸ್ಟಾಪಿನಲ್ಲಿ ನಾಲಿಗೆ ತಪಾಸಣೆ

ಮಾಲಾಳಿಗೆ ಈ ಜಗತ್ತಿನಲ್ಲಿ ಹೇಸಿಗೆ ಅಂತ ಒಂದಿದ್ದರೆ ಅದು ಗುಟಕಾ ತಿನ್ನುವ ಬಾಯಿ. ಅಂಥದ್ದೇ ಒಂದು ಬಾಯಿ ಇಂಡಿ ಬಸ್ಸಿನ ಕಿಟಕಿಯಿಂದ ಹೊರಬಂದು, ಝಳಕಿ ಸ್ಟಾಪಿನಲ್ಲಿ ನಿಂತಿದ್ದ ಅವಳ ಕೆನೆಬಣ್ಣದ ಸೀರೆಯ ಮೇಲೆ ಪಿಚಕ್ಕನೆ ಉಗುಳಿತು. ಇಂಡಿಯ ಶಾಲೆಯಲ್ಲಿ ಟೀಚರ್ ಆಗಿ ಅವಳಿಗೆ ಅದು ಮೊದಲ ದಿನ.

ಬೆಚ್ಚಗಿನ ಕೆಂಪು ಜೊಲ್ಲು ನಿರಿಗೆಗುಂಟ ಇಳಿದು ಕಾಲ್ಬೆರಳಿಗೆ ಅಂಟಿತು. ಮಾಲಾ ಬಸ್ಸು ಹತ್ತಿ ನೇರ ಆ ಕಿಟಕಿಯ ಹತ್ತಿರ ಹೋದಳು. ಅಲ್ಲಿ ಕೂತಿದ್ದವನು ಹಿಂದಿನ ಊರಿನಿಂದ ದಿನಾ ಇಂಡಿಯ ತನ್ನ ಗೊಬ್ಬರದಂಗಡಿಗೆ ಹೋಗುವ ಸಿದ್ದಲಿಂಗ. ಏನೂ ಅರಿಯದವನಂತೆ ಆಕಾಶ ನೋಡುತ್ತಿದ್ದ.

“ಬಾಯಿ ತೆಗೀರಿ.”

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಅವನು ತೆಗೆದ. ಕೆಂಪು ನಾಲಿಗೆ, ಕರೆಗಟ್ಟಿದ ಹಲ್ಲು.

“ತಪ್ಪಾತ್ರಿ. ನೋಡಲಿಲ್ಲ ನಾ.”

“ನೋಡಿ ಉಗುಳಿದ್ರ ನಡೀತಿತ್ತೇನ್ರಿ? ಥೂ!”

ಸಂಜೆ ಇಂಡಿ ಸ್ಟ್ಯಾಂಡಿನಲ್ಲಿ ಅವನು ಬಕೆಟ್ ಹಿಡಿದು ಬಸ್ಸಿನ ಮೈ ತಿಕ್ಕುತ್ತಿದ್ದ. ತನ್ನ ಕಿಟಕಿಯ ಕೆಳಗಷ್ಟೇ ಅಲ್ಲ, ಊರಮಂದಿಯೆಲ್ಲ ಉಗುಳಿದ್ದ ಪೂರ್ತಿ ಬದಿಯನ್ನು. ಅದನ್ನು ನೋಡಿ ಮನಸ್ಸು ಇಷ್ಟೇ ಇಷ್ಟು ಕರಗಿತಲ್ಲ, ಅದಕ್ಕೂ ಅವಳಿಗೆ ಹೇಸಿಗೆಯಾಯಿತು.

ದಿನಾ ಅದೇ ಬಸ್ಸು, ಅದೇ ಮುಖ. ನಮಸ್ಕಾರ ಹೋಗಿ ಮಾತಾಯಿತು. ಎರಡು ತಿಂಗಳಿಗೆ ಅವನು ಕೇಳಿಯೇಬಿಟ್ಟ.

“ನಿಮ್ಮನಿಗೆ ಹಿರಿಯಾರನ್ನ ಕಳಸ್ಲೇನ್ರಿ?”

“ನೂರು ದಿನ ಗುಟಕಾ ಬಿಡ್ರಿ. ದಿನಾ ಮುಂಜಾನಿ ನಾ ಬಸ್ಸು ಹತ್ತೂ ಮೊದಲ ಕಿಟಕ್ಯಾಗಿಂದ ನಾಲಿಗಿ ತೋರಸ್ಬೇಕು. ಆಮ್ಯಾಲ ಹಿರಿಯಾರು.”

ಅವಳು ಆಟಕ್ಕೆ ಹೇಳಿದ್ದಲ್ಲ. ಅವಳ ಅಪ್ಪ ಗುಟಕಾ ತಿಂದು ತಿಂದು, ಬಾಯಿ ತೆರೆಯಲಾಗದೆ, ನಳಿಕೆಯಲ್ಲಿ ಗಂಜಿ ಕುಡಿದು ಸತ್ತಿದ್ದ. “ಬಿಟ್ಟೇನಿ, ನಿನ್ನಾಣಿ” ಎಂದು ಅವ್ವನಿಗೆ ಹೇಳುತ್ತಲೇ ಇದ್ದ. ಸತ್ತ ಮೇಲೆ ದಿಂಬಿನ ಕೆಳಗೆ ಏಳು ಪಾಕೀಟು ಸಿಕ್ಕವು. ಅವ್ವನ ಗತಿ ತನಗೆ ಬೇಡ ಎಂದು ಮಾಲಾ ಅಂದೇ ತೀರ್ಮಾನಿಸಿದ್ದಳು.

ದಿನಾ ಬೆಳಿಗ್ಗೆ ಝಳಕಿಯಲ್ಲಿ ನಾಲಿಗೆ ಹೊರಬರುತ್ತಿತ್ತು. ಕಂಡಕ್ಟರ್ “ಪಾಸ್!” ಎಂದು ಕೂಗುತ್ತಿದ್ದ. ನೋಡುವಾಗ ಅವಳು ಮೂಗು ಮುರಿಯುತ್ತಿದ್ದಳು, ಆದರೆ ಒಂದು ದಿನವೂ ತಪ್ಪಿಸಲಿಲ್ಲ.

ಅರವತ್ತೊಂದನೆಯ ದಿನ ನಾಲಿಗೆ ಕೆಂಪಗಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು ಎಂದು ಗೊತ್ತಿದ್ದೂ ನಂಬಿದೆನಲ್ಲ! ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು. ಇವತ್ತು ಎಲ್ಲ ಮುಗಿಸಿಬಿಡಬೇಕೆಂದು ದಡದಡ ಬಸ್ಸು ಹತ್ತಿದಳು. ಕಂಡಕ್ಟರ್ “ಪಾಸ್!” ಎನ್ನದೆ ಅವಸರದಿಂದ ಸೀಟಿ ಊದಿದ. ಸಿದ್ದಲಿಂಗ ನೆಲ ನೋಡುತ್ತ ಕೂತಿದ್ದ, ದವಡೆ ಇನ್ನೂ ಉಬ್ಬಿತ್ತು.

ಅವಳು ಬೈಯಲು ಬಾಯಿ ತೆರೆದು ಅಲ್ಲೇ ನಿಂತಳು. ಇವನು ಕಿಟಕಿ ಮುಚ್ಚಿಕೊಳ್ಳಬಹುದಿತ್ತು. ಇವತ್ತೊಂದು ದಿನ ಬೇರೆ ಬಸ್ಸಿಗೆ ಬರಬಹುದಿತ್ತು. ಅಪ್ಪನಾಗಿದ್ದರೆ ಹಾಗೇ ಮಾಡುತ್ತಿದ್ದ.

“ಈಕಡೆ ಸರೀರಿ. ಕಿಟಕಿ ಕಡೆ ನಾ ಕುಂದ್ರತೇನಿ.”

ಅವನು ಸರಿದ. ಉಗುಳಲು ಜಾಗವಿಲ್ಲ. ಕಡೆಗೆ ಕರವಸ್ತ್ರ ತೆಗೆದು ಅದರಲ್ಲಿ ಉಗುಳಿ, ಮಡಚಿ, ಕಿಸೆಯಲ್ಲಿಟ್ಟುಕೊಂಡ.

“ನಾಳಿಂದ ಮತ್ತ ಒಂದರಿಂದ ಎಣಸ್ರಿ,” ಎಂದಳು ಮಾಲಾ.

ಗುಟಕಾ ವಾಸನೆಗೆ ಸೆರಗನ್ನು ಮೂಗಿಗೆ ಹಿಡಿದು ಇಂಡಿಯವರೆಗೂ ಅವನ ಪಕ್ಕದಲ್ಲೇ ಕೂತಳು.