ಒಂದೇ ಸಲ ಕೇಳುವ ವೈನಿ

ತಾನು ಕೆಟ್ಟವಳೇ ಇರಬೇಕು ಎಂದು ದಾಕ್ಷಾಯಿಣಿಗೆ ಅನ್ನಿಸಿದ್ದು ಭಾನುವಾರ ಬೆಳಗ್ಗೆ, ಇನ್ನೂ ಹಾಸಿಗೆಯಲ್ಲಿದ್ದಾಗ. ಅಣ್ಣನ ಮದುವೆ ನಿಶ್ಚಯವಾಗಿ ಮನೆಯವರೆಲ್ಲ ಹಿಗ್ಗಿ ಹೀರೇಕಾಯಿಯಾಗಿದ್ದರೆ, ನಾನೊಬ್ಬಳು ಒಂದು ಖೋಲಿಯ ಸಲುವಾಗಿ ಒಳಗೊಳಗೇ ಕೊರಗುತ್ತಿದ್ದೇನೆ. ಈ ಮಾತನ್ನು ಅವಳು ಹೇಳಿಕೊಂಡದ್ದು ತನಗೆ ಮಾತ್ರ, ಅದೂ ತುಟಿ ಅಲ್ಲಾಡದ ಹಾಗೆ.

ಧಾರವಾಡದ ಮದಿಹಾಳದಲ್ಲಿದ್ದ ಅವರ ಮನೆಗೆ ಮೇಲೆ ಇದ್ದದ್ದು ಆ ಒಂದೇ ಖೋಲಿ. ಪಕ್ಕದ ಮನೆಯ ಪೇರಲಗಿಡ ಅದರ ಕಿಟಕಿಯೊಳಗೆ ಕೈ ಚಾಚುತ್ತಿತ್ತು. ಅವಳು ಓದಿದ್ದು, ದಿನಚರಿ ಬರೆದದ್ದು, ಎಂ.ಎ. ಮುಗಿದ ಮೇಲೆ ‘ಮುಂದೇನು’ ಎಂದು ಕೇಳುವ ಬಂಧುಬಳಗದಿಂದ ತಪ್ಪಿಸಿಕೊಂಡು ಸುಮ್ಮನೆ ಕೂತದ್ದು, ಎಲ್ಲ ಆ ಕಿಟಕಿಯ ಕೆಳಗೆ. ಹೋದ ತಿಂಗಳು ಅವ್ವ ಗೌರಕ್ಕ ರೊಟ್ಟಿ ಬಡಿಯುತ್ತ ಕೇಳಿದ್ದಳು:

“ದಾಕ್ಷಿ, ಮ್ಯಾಲಿನ ಖೋಲಿ ಅಣ್ಣಗ ಕೊಡೂಣೇನವಾ? ನಿನಗ ಬೇಕಾಗಿತ್ತೇನು?”

“ನನಗ್ಯಾಕಬೇ? ಬ್ಯಾಡ. ಅವರಿಗೇ ಇರಲಿ.”

ಹಾಗನ್ನುವುದು ಆ ಮನೆಯ ರೀತಿ, ಆ ಓಣಿಯ ರೀತಿ. ಮೊದಲ ಸಲ ಬ್ಯಾಡ ಅನ್ನಬೇಕು. ಎರಡನೇ ಸಲ ಕೇಳಿದರೆ ನೆಲ ನೋಡಬೇಕು. ಮೂರನೇ ಸಲಕ್ಕೆ, ‘ನೀವು ಅಷ್ಟು ಅಂತೀರಿ ಅಂದಮ್ಯಾಲೆ’ ಎಂದು ಒಪ್ಪಿಕೊಳ್ಳಬೇಕು. ಗೌರಕ್ಕ ಕರೆಂಟ್ ಬಿಲ್ ಕೊಡಲು ಬಂದವನಿಗೂ ಚಹಾಕ್ಕೆ ಮೂರು ಸಲ ಕೇಳುವ ಹೆಂಗಸು. ಅಂದು ಮಾತ್ರ ಮಗಳನ್ನು ಎರಡನೇ ಸಲ ಕೇಳಲಿಲ್ಲ. “ನನ್ನ ಬಂಗಾರ” ಎಂದು ಹಿಟ್ಟಿನ ಕೈಯಿಂದಲೇ ಗಲ್ಲ ಸವರಿ, ರೊಟ್ಟಿ ಹೊರಳಿಸಿದಳು. ನಾಳೆ ಸೋಮವಾರ ಉಡಚಪ್ಪ ಬಂದು ಆ ಖೋಲಿಗೆ ಬಣ್ಣ ಹಚ್ಚುವವನಿದ್ದ. ಯಾವ ಬಣ್ಣ ಎಂಬುದನ್ನು ಹೇಳಬೇಕಾದವಳು ಈಹೊತ್ತು ಮನೆಗೆ ಬರುವವಳಿದ್ದಳು.

ಅವಳೇ ಚಂಪಕಾ, ಅಣ್ಣ ಪ್ರಸಾದನಿಗೆ ಗೊತ್ತಾದ ಹುಡುಗಿ, ದಾಕ್ಷಾಯಿಣಿಗೆ ವೈನಿ, ಅಂದರೆ ಅತ್ತಿಗೆಯಾಗಲಿರುವವಳು. ನಂಜನಗೂಡಿನವಳು, ಬ್ಯಾಂಕಿನಲ್ಲಿ ನೌಕರಿ. ಹುಬ್ಬಳ್ಳಿಯಲ್ಲಿ ಎರಡು ದಿನದ ತರಬೇತಿ ಮುಗಿಸಿ, ಭಾನುವಾರ ಊರು ನೋಡಿಕೊಂಡು ಸಂಜೆಯ ರೈಲಿಗೆ ಹೋಗುವುದೆಂದು ಠರಾವಾಗಿತ್ತು. ಊರು ತೋರಿಸಲು ಪ್ರಸಾದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಯಾರಾಗಿದ್ದ. ಗೌರಕ್ಕ ಅಡ್ಡ ಬಂದಳು.

“ಲಗ್ನಕ್ಕ ಮುಂಚೆ ಇಬ್ಬರೂ ಜೋಡಿಲೆ ಅಡ್ಡಾಡಿದರ ಛಲೋ ಕಾಣಂಗಿಲ್ಲ. ದಾಕ್ಷಿ ಕರಕೊಂಡು ಹೋಗಲಿ.”

“ದಾಕ್ಷಿನಾ? ಆಕಿ ಬಾಯಿ ತಗೀಬೇಕಂದ್ರ ಮುಹೂರ್ತ ನೋಡಬೇಕು!” ಎಂದ ಪ್ರಸಾದ.

ಅಪ್ಪ ಮಡಿವಾಳಪ್ಪ ಪೇಪರಿನ ಹಿಂದಿನಿಂದಲೇ ಖೊಕ್ ಎಂದು ನಕ್ಕ.

ಚಂಪಕಾ ಬಂದಳು, ಬಿಸಿ ರೊಟ್ಟಿಗೆ ಕೂತಳು. ಎರಡು ತಿಂದು “ಸಾಕು ಅತ್ತೆ” ಎಂದಳು. ಗೌರಕ್ಕ ಮೂರನೆಯದನ್ನು ಹಾಕಿದಳು. “ನಿಜವಾಗ್ಲೂ ಸಾಕು” ಎಂದಾಗ ನಾಲ್ಕನೆಯದು ಬಿತ್ತು, ಮೇಲೆ ಬೆಣ್ಣೆಯ ಉಂಡೆ. ಪಾಪ, ಆ ಹುಡುಗಿ ಕಣ್ಣರಳಿಸಿ ಅದನ್ನೂ ಮುಗಿಸಿದಳು. ಆಮೇಲೆ ಮನೆ ತೋರಿಸುವುದು ನಡೆಯಿತು. ಕೆಳಗಿನ ದೊಡ್ಡ ಖೋಲಿಯ ಬಾಗಿಲಲ್ಲಿ ಚಂಪಕಾ ನಿಂತು, “ಇದರಲ್ಲೇನಿದೆ ಅತ್ತೆ? ಗಾಳಿ ಚೆನ್ನಾಗಿದೆ” ಎಂದಳು.

“ಏನಿಲ್ಲವಾ, ನಿಮ್ಮ ಮಾವನ ಕಾಳಿನ ವ್ಯಾಪಾರದ ಖಾಲಿ ಚೀಲ. ವ್ಯಾಪಾರ ಬಿಟ್ಟರೂ ಚೀಲ ಬಿಡವಲ್ಲರು. ಮ್ಯಾಲೆ ಬಾ. ನೋಡು, ಇದು ದಾಕ್ಷಿ ಖೋಲಿ, ಇನ್ನ ನಿಮ್ಮದು. ಆಕಿ ತಾನಾಗೇ ಬ್ಯಾಡ ಅಂದಾಳ. ಬಣ್ಣ ಯಾವುದು ಅಂತ ಸಂಜೀಕ ಹೇಳಿಬಿಡು.”

ಪೇರಲಗಿಡದಲ್ಲಿ ಗಿಳಿಯೊಂದು ಅರ್ಧ ಕಾಯಿ ತಿಂದು ಉಳಿದದ್ದನ್ನು ಕೆಡವಿತು. ದಾಕ್ಷಾಯಿಣಿ ಅದನ್ನೇ ನೋಡುತ್ತ ನಿಂತಳು.

ಮೊದಲು ಲೈನ್ ಬಜಾರಿಗೆ ಹೋದರು. ಪೇಢೆ ಅಂಗಡಿಯ ಮುಂದೆ ಸರದಿಯಲ್ಲಿ ನಿಂತು ಚಂಪಕಾ ಡಬ್ಬಿ ಕೊಂಡಳು. ಅಲ್ಲೇ ಬಿಚ್ಚಿ “ತಗೋ” ಎಂದಳು. ಹುರಿದ ಹಾಲಿನ ವಾಸನೆಗೆ ದಾಕ್ಷಾಯಿಣಿಯ ಬಾಯಲ್ಲಿ ನೀರೂರಿತು.

“ಬ್ಯಾಡ್ರಿ ವೈನಿ.”

“ಸರಿ” ಎಂದು ಚಂಪಕಾ ಒಂದನ್ನು ಬಾಯಿಗೆ ಹಾಕಿಕೊಂಡು ಡಬ್ಬಿ ಮುಚ್ಚಿದಳು.

ದಾಕ್ಷಾಯಿಣಿ ಮುಚ್ಚಿದ ಡಬ್ಬಿಯನ್ನೇ ನೋಡಿದಳು. ಇಷ್ಟು ಬೇಗ ಯಾರಾದರೂ ಸರಿ ಅನ್ನುತ್ತಾರೆಯೇ?

ಅಲ್ಲಿಂದ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಹತ್ತಿದರು. ಅದು ತನಗೆಂದೇ ಬಿಟ್ಟ ದಾರಿಯಲ್ಲಿ, ಅಕ್ಕಪಕ್ಕದ ಕಾರುಗಳನ್ನು ಹಿಂದೆ ಹಾಕಿ ಓಡಿತು. ಕಿಟಕಿಯ ಬದಿ ಒಂದೇ ಸೀಟು ಖಾಲಿ. “ನೀನು ಕೂತ್ಕೋತೀಯಾ?” ಎಂದಳು ಚಂಪಕಾ. “ಬ್ಯಾಡ್ರಿ, ನೀವು ಕೂಡ್ರಿ” ಎಂದಳು ದಾಕ್ಷಾಯಿಣಿ. ಚಂಪಕಾ ಕೂತಳು. ಉಣಕಲ್ಲಿನವರೆಗೆ ದಾಕ್ಷಾಯಿಣಿ ಹಿಡಿಕೆ ಹಿಡಿದು ತೂಗಾಡಿದಳು.

ಆದರೂ ಅವಳಿಗೆ ಸಿಟ್ಟು ಬರಲಿಲ್ಲ ಎಂಬುದೇ ಸೋಜಿಗ. ಚಂಪಕಾ ನೋಡುವ ರೀತಿಯೇ ಹಾಗಿತ್ತು. ಮನೆಗಳ ನಡುವೆ ಅಡಗಿ ಕೂತ ಚಂದ್ರಮೌಳೇಶ್ವರನ ಗುಡಿಯಲ್ಲಿ ಅವಳು ಚಪ್ಪಲಿ ಕಳಚಿ, ಕಲ್ಲಿನ ಜಾಲಂಧ್ರಕ್ಕೆ ಕಣ್ಣಿಟ್ಟು, “ಅಯ್ಯೋ, ಆ ಕಡೆ ಯಾರೋ ಹಪ್ಪಳ ಒಣಹಾಕಿದ್ದಾರೆ!” ಎಂದು ಮಗುವಿನ ಹಾಗೆ ಕೂಗಿದಳು. ದಾಕ್ಷಾಯಿಣಿಗೂ ಹುರುಪು ಬಂದು, ನಾಲ್ಕು ಮುಖದ ಲಿಂಗದ ಸುತ್ತ ಕರೆದೊಯ್ದು, ಒಂದೊಂದು ಮುಖದ ಮುಂದೂ ನಿಲ್ಲಿಸಿದಳು. ನಸುಗತ್ತಲಲ್ಲಿ ಒಂದು ಮುಖ ನಗುವ ಹಾಗೆ ಕಾಣುತ್ತದೆ ಎಂದು ತನಗೆ ಮಾತ್ರ ಅನ್ನಿಸಿದ್ದ ಮಾತನ್ನೂ ಹೇಳಿಬಿಟ್ಟಳು. ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದಕ್ಕೆ ಕಿವಿ ಬಿಸಿಯಾದವು.

“ಹೌದಲ್ವಾ, ನಗ್ತಿದೆ” ಎಂದಳು ಚಂಪಕಾ.

ಉಣಕಲ್ ಕೆರೆಯಲ್ಲಿ ದೋಣಿ ನಿಂತಿತ್ತು. ದಾಕ್ಷಾಯಿಣಿ ಹುಟ್ಟಿದಾಗಿನಿಂದ ಆ ಕೆರೆಯ ಪಕ್ಕ ಬಸ್ಸಿನಲ್ಲಿ ಹಾದು ಹೋಗಿದ್ದಳು, ದೋಣಿ ಹತ್ತಿರಲಿಲ್ಲ. “ಬರ್ತೀಯಾ?” ಎಂಬ ಪ್ರಶ್ನೆಗೆ ನಾಲಿಗೆ ತನ್ನಷ್ಟಕ್ಕೆ ತಾನೇ, “ಬ್ಯಾಡ್ರಿ, ನೀವು ಹೋಗಿಬರ್ರಿ” ಎಂದುಬಿಟ್ಟಿತು. ಚಂಪಕಾ ತನ್ನ ಚೀಲವನ್ನು ಅವಳ ಕೈಗೆ ಕೊಟ್ಟು ಹೋದಳು. ನೀರಿನ ನಡುವಿನಿಂದ ಕೈ ಬೀಸಿದಳು. ದಂಡೆಯ ಮೇಲೆ ಚೀಲ ಅಪ್ಪಿಕೊಂಡು ನಿಂತ ದಾಕ್ಷಾಯಿಣಿಯೂ ಕೈ ಬೀಸಿದಳು. ಕಣ್ಣು ಯಾಕೋ ತುಂಬಿ ಬಂದವು. ತನ್ನ ಬ್ಯಾಡಗಳೆಲ್ಲ ಸಾಲಾಗಿ ಅದೇ ದೋಣಿಯಲ್ಲಿ ಕೂತು ಹೋಗುತ್ತಿರುವಂತೆ ಕಂಡಿತು.

ಕೆರೆಯ ಆಚೆ ತಾರಾಬಾಯಿಯ ಗಾಡಿ. ಚುರುಮರಿಗೆ ಈರುಳ್ಳಿ, ಪುಟಾಣಿ ಹಿಟ್ಟು, ಹುಳಿ ಹಚ್ಚಿ ಗಿರಮಿಟ್ ಕಲಸುತ್ತಿದ್ದಳು. ಬಾಣಲೆಯಲ್ಲಿ ಮಿರ್ಚಿ ಭಜಿ ತೇಲುತ್ತಿದ್ದವು.

“ನಿನಗೆ?” ಎಂದಳು ಚಂಪಕಾ.

“ನನಗ ಹಸಿವಿಲ್ರಿ.”

“ಹಾಗಾದ್ರೆ ಒಂದೇ ಪ್ಲೇಟ್ ಕೊಡಿ.”

ತಾರಾಬಾಯಿ ಸೌಟು ನಿಲ್ಲಿಸಿ ಇಬ್ಬರನ್ನೂ ನೋಡಿದಳು. “ಒಂದಾ? ಯವ್ವಾ, ಈ ಹುಡುಗಿ ನನ್ನ ಬಾಣಲಿನ್ನ ಕಣ್ಣಾಗ ತಿನ್ನಾಕತ್ತಾಳ!”

ಅದೇ ಹೊತ್ತಿಗೆ ದಾಕ್ಷಾಯಿಣಿಯ ಹೊಟ್ಟೆ ಗುರ್ ಎಂದಿತು. ಚಂಪಕಾ ಅವಳನ್ನೇ ದಿಟ್ಟಿಸಿದಳು. ಪ್ಲೇಟಿಗೆ ಚಾಚಿದ ಕೈ ಅಲ್ಲೇ ನಿಂತಿತು.

“ಇರು ಇರು. ಬೆಳಿಗ್ಗೆ ನಾನು ಸಾಕು ಸಾಕು ಅಂದ್ರೂ ಅತ್ತೆ ರೊಟ್ಟಿ ಹಾಕ್ತಾನೇ ಇದ್ರು. ಅಂದ್ರೆ ಇಲ್ಲಿ ಸಾಕು ಅಂದ್ರೆ ಹಾಕ್ಬೇಕಾ? ಬೇಡ ಅಂದ್ರೆ ಕೊಡ್ಬೇಕಾ?”

ದಾಕ್ಷಾಯಿಣಿ ನೆಲ ನೋಡಿದಳು.

“ಪೇಢೆ?”

ದಾಕ್ಷಾಯಿಣಿ ಚಪ್ಪಲಿಯ ತುದಿಯಿಂದ ಮಣ್ಣು ಕೆದರಿದಳು.

“ಕಿಟಕಿ ಸೀಟು? ಅಯ್ಯಯ್ಯೋ, ಆ ದೋಣಿ?”

“ಮೂರು ಸಲ ಕೇಳಬೇಕ್ರಿ” ಎಂದಳು ದಾಕ್ಷಾಯಿಣಿ, ಕೇಳಿಸೀತೋ ಇಲ್ಲವೋ ಎಂಬಷ್ಟು ಸಣ್ಣಗೆ.

ಚಂಪಕಾ ಬಿದ್ದು ಬಿದ್ದು ನಕ್ಕಳು. ತಾರಾಬಾಯಿ ನಕ್ಕಳು. ಕೊನೆಗೆ ದಾಕ್ಷಾಯಿಣಿಗೂ ತಡೆಯಲಾಗಲಿಲ್ಲ.

“ನಮ್ಮನೇಲಿ ಐದು ಜನ ಅಕ್ಕತಂಗೀರು ಕಣೇ. ಎರಡನೇ ಸಲ ಕೇಳೋ ಹೊತ್ತಿಗೆ ಪಾತ್ರೆ ಖಾಲಿ ಆಗಿರ್ತಿತ್ತು. ನಾನು ಕೇಳೋದು ಒಂದೇ ಸಲ. ಇವತ್ತು ನಿನಗೋಸ್ಕರ ನಿಯಮ ಮುರೀತೀನಿ. ಗಿರಮಿಟ್ ಬೇಕಾ, ಬೇಕಾ, ಬೇಕಾ?”

“ಅಷ್ಟು ಅಂತೀರಿ ಅಂದಮ್ಯಾಲೆ” ಎಂದು ದಾಕ್ಷಾಯಿಣಿ ಒಂದು ಪ್ಲೇಟು ಗಿರಮಿಟ್, ಮೂರು ಮಿರ್ಚಿ ತಿಂದಳು. ಆಮೇಲೆ ಡಬ್ಬಿ ಬಿಚ್ಚಿಸಿ ಪೇಢೆಯನ್ನೂ ತಿಂದಳು. ಖಾರದ ಮೇಲೆ ಸಿಹಿ ಬಿದ್ದು ಮೂಗಲ್ಲಿ ನೀರು ಬಂತು. ಇಷ್ಟು ಹಗುರಾಗಿ ಆಕೆ ಯಾವತ್ತೂ ಹೊಟ್ಟೆ ತುಂಬಿಸಿಕೊಂಡಿರಲಿಲ್ಲ.

ಹುಬ್ಬಳ್ಳಿ ಸ್ಟೇಷನ್ನು ಮುಟ್ಟಿದಾಗ ಬಿಸಿಲು ಇಳಿದಿತ್ತು. “ಜಗತ್ತಿನಾಗ ಇದಕ್ಕಿಂತ ಉದ್ದನೆ ಪ್ಲಾಟ್‌ಫಾರ್ಮ್ ಇಲ್ರಿ” ಎಂದಳು ದಾಕ್ಷಾಯಿಣಿ, ತಾನೇ ಕಟ್ಟಿಸಿದವಳ ಹಾಗೆ. ಚಂಪಕಾಳ ಬೋಗಿ ನಿಲ್ಲುವುದು ಅದರ ಆಚೆ ತುದಿಗೆ ಎಂದು ತಿಳಿದಾಗ, ಬೆಳಗ್ಗೆ ಸ್ಟೇಷನ್ನಿನಲ್ಲೇ ಇಟ್ಟುಬಂದಿದ್ದ ಬ್ಯಾಗನ್ನು ಬಿಡಿಸಿಕೊಂಡು, ಇಬ್ಬರೂ ಅದರ ಒಂದೊಂದು ಕಿವಿ ಹಿಡಿದು ಎತ್ತಿದರು. ನಡೆದಷ್ಟೂ ಮುಗಿಯದು. ಚಹಾದವರು ಹಿಂದಾದರು, ಬೆಂಚುಗಳು ಹಿಂದಾದವು. ಜನ ತೆಳುವಾಗಿ, ಕೊನೆಗೆ ಬರೀ ಗಾಳಿ ಉಳಿಯಿತು.

ಚಂಪಕಾಳ ಫೋನು ಬಡಕೊಂಡಿತು. ಗೌರಕ್ಕನ ದನಿ ಹೊರಗೂ ಕೇಳುವಂತಿತ್ತು: “ಉಡಚಪ್ಪ ಇಲ್ಲೇ ನಿಂತಾನವಾ. ಯಾವ ಬಣ್ಣ ಹೇಳಲಿ?”

ಚಂಪಕಾ ಬಾಯಿ ತೆರೆದವಳು ಮುಚ್ಚಿದಳು. ನಿಂತಳು. ಬ್ಯಾಗಿನ ಇನ್ನೊಂದು ಕಿವಿ ಹಿಡಿದ ದಾಕ್ಷಾಯಿಣಿಯೂ ನಿಲ್ಲಬೇಕಾಯಿತು.

“ಅತ್ತೆ, ಒಂದ್ನಿಮಿಷ.” ಫೋನಿಗೆ ಅಂಗೈ ಅಡ್ಡ ಹಿಡಿದು ಅವಳ ಕಡೆ ತಿರುಗಿದಳು. “ಬೆಳಿಗ್ಗೆ ಅತ್ತೆ ಅಂದ್ರಲ್ಲ, ಆ ರೂಮು ನೀನಾಗೇ ಬೇಡ ಅಂದೆ ಅಂತ. ಅದು ಯಾವ ಬೇಡ? ದೋಣಿಯ ಬೇಡಾನಾ?”

‘ಹಂಗೇನಿಲ್ರಿ ವೈನಿ’ ಎಂಬ ಮಾತು ದಾಕ್ಷಾಯಿಣಿಯ ನಾಲಿಗೆಯ ತುದಿಗೆ ಬಂದು ಕೂತಿತು. ಎಷ್ಟು ವರ್ಷದ ರೂಢಿ ಅದು, ಕೂಡಲು ಜಾಗ ಕೇಳುವುದಿಲ್ಲ.

“ಒಂದೇ ಸಲ ಕೇಳ್ತಿದ್ದೀನಿ” ಎಂದಳು ಚಂಪಕಾ. ನಗಲಿಲ್ಲ. ಫೋನಿನ ಮೇಲಿಂದ ಅಂಗೈ ತೆಗೆದು, ಅದನ್ನು ಅವಳ ಕಡೆ ಚಾಚಿದಳು.

“ಹಲೋ? ಹಲೋ?” ಎನ್ನುತ್ತಿದ್ದಳು ಗೌರಕ್ಕ.

ದಾಕ್ಷಾಯಿಣಿ ಫೋನು ಹಿಡಿದಳು.

“ಅವ್ವಾ, ಮ್ಯಾಲಿನ ಖೋಲಿ ನನಗ ಬೇಕು.”