ಮಸು ಮನೆ ಹಿತ್ತಿಲಿನ ಅಳತೆ

ಸೂರಿಗೆ ಕಟ್ಟಿ ಒಣಗಿಸುವ ಕಾಕಿ ಹಣ್ಣುಗಳಲ್ಲಿ ಹದಿನೇಳನೆಯದರ ಸಿಪ್ಪೆ ತೆಗೆಯುತ್ತಿದ್ದೆ. ಕೇರಿಯ ಯಜಮಾನ ಕನ್ನೊ-ಸಾನ್ ಬಂದು ಜಗಲಿಯ ಅಂಚಿನಲ್ಲಿ ಕೂತರು.

"ಈ ವರ್ಷವೂ ತಿನ್ನೋಕಲ್ಲ ತಾನೆ?"

"ತೂಗುಹಾಕೋಕೆ. ಸೂರಲ್ಲಿ ಹಣ್ಣು ಕಂಡ್ರೆ ಮನೇಲಿ ಜನ ಇದ್ದಾರೆ ಅಂತ ಗೊತ್ತಾಗುತ್ತೆ, ಕಾಡುಹಂದಿಗಾದ್ರೂ."

"ಹಂದೀನ ಯಾಕೆ ಹೆದರಿಸ್ತೀರಿ ಫುಸಾ-ಸಾನ್? ತಲೆ ಎಣಿಸಿದ್ರೆ ಇಲ್ಲಿ ಅವೇ ಜಾಸ್ತಿ."

ಕರಾವಳಿಯ ಅಣುಸ್ಥಾವರ ಸಿಡಿದ ಮೇಲೆ ಬಿಟ್ಟುಹೋದ ಇಪ್ಪತ್ತೆರಡು ಮನೆಗಳಲ್ಲಿ ಐದು ಮಾತ್ರ ಮರಳಿದ್ದವು. ಐದೂ ಮನೆಯವರು ಸೇರಿ ಎಲ್ಲ ಅಂಗಳಗಳ ವಿಕಿರಣ ಅಳೆಯುತ್ತಿದ್ದೆವು. ನಮ್ಮ ಓಣಿ ನನ್ನ ಪಾಲಿಗೆ. ಹಳೆಯ ಯಂತ್ರವನ್ನು ಸೊಂಟದೆತ್ತರಕ್ಕೆ ಹಿಡಿದು, ಒಂದು ನಿಮಿಷ ಕಾದು, ಅಂಕಿಯನ್ನು ಪಟ್ಟಿಯಲ್ಲಿ ಬರೆಯಬೇಕಿತ್ತು.

ಕನ್ನೊ-ಸಾನ್ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ನನ್ನ ಕೊರಳಿಗೆ ಹಾಕಿದರು. "ಹೊಸದು. ತಂತಿಯಿಲ್ಲ, ಏನಿಲ್ಲ. ಅಳತೆ ತಾನಾಗೇ ನನ್ನ ಫೋನಿನ ನಕ್ಷೆಗೆ ಬರುತ್ತೆ, ಜಾಸ್ತಿ ಇದ್ರೆ ಕೆಂಪು ಚುಕ್ಕೆ. ನೀವು ಸುಮ್ನೆ ನಡೀರಿ, ಬರ್ಕೊಳ್ಳೋದೇ ಬೇಡ."

ಹಣ್ಣಿನ ಅಂಟು ಕೈಗೆ ಮೆತ್ತಿತ್ತು. ಒರೆಸಿದಷ್ಟೂ ಉಳಿಯಿತು.

ಪಕ್ಕದ ಮನೆ ಮಸುವಿನದು. ಅವಳಿನ್ನೂ ಕೊರಿಯಾಮಾ ಪಟ್ಟಣದಲ್ಲಿದ್ದಾಳೆ. ಮೇ ತಿಂಗಳಲ್ಲಿ ಬರೆದಿದ್ದಳು: "ಹಿತ್ತಿಲಲ್ಲಿ ಸೂರಿನ ನೀರು ಬೀಳೋ ಕೊಳವೆ ಕೆಳಗೆ ಅಳೆದು ಹೇಳು. ಮೊಮ್ಮಗಳು ಕೊಹಾರುಗೆ ನಾಲ್ಕು ವರ್ಷ, ಮಣ್ಣು ಕಂಡ್ರೆ ಬಿಡಲ್ಲ. ಕಮ್ಮಿ ಇದ್ರೆ ಹೊಸ ವರ್ಷಕ್ಕೆ ಎಲ್ಲರೂ ವಾಪಸ್ ಬಂದುಬಿಡ್ತೀವಿ. ಇಲ್ಲದಿದ್ರೆ ಮನೆ ಕೆಡವಿಸ್ತೀನಿ."

ಹೋಗಿ ಅಳೆದೆ. ಕೊಳವೆಯ ಕೆಳಗೆ ಅಂಗಳದ ಏಳು ಪಟ್ಟು ಇತ್ತು. ಸರ್ಕಾರದ ಕೆಲಸಗಾರರು ಮಣ್ಣು ಕೆರೆದು ಹೊಸ ಜಲ್ಲಿ ಹಾಸಿದ್ದು ಮುಂದಿನ ಅಂಗಳದಲ್ಲಿ ಮಾತ್ರ. ಹಿಂದಿನ ಕಾಡಿನಿಂದ ವಿಕಿರಣ ಹೊತ್ತ ಎಲೆ, ನೀರು ಇಳಿಯುತ್ತಲೇ ಇರುತ್ತವೆ. ಆಮೇಲೆ ಮುಂದಕ್ಕೆ ಬಂದು, ಜಲ್ಲಿಯ ಮೇಲೆ ಐದು ಸಲ ಅಳೆದು, ಆ ಐದನ್ನೇ ಪಟ್ಟಿಯಲ್ಲಿ ಬರೆದೆ. ಮಸುಗೂ ಬರೆದೆ: "ಎಲ್ಲ ಕಡೆ ಕಮ್ಮಿ ಇದೆ, ಬಾ."

ಗಂಡ ಹೋದ ಮೇಲೆ ಮೂರು ಚಳಿಗಾಲ ಅವಳ ಕತ್ತಲೆ ಕಿಟಕಿ ನೋಡಿಕೊಂಡು ಉಂಡಿದ್ದೆ. ಅದಕ್ಕೇ ಬರೆದೆ. ಇದಕ್ಕಿಂತ ಒಳ್ಳೆಯ ಕಾರಣ ಹುಡುಕಿದೆ, ಸಿಗಲಿಲ್ಲ.

"ಸರ್ಕಾರದ ಕಾಗದಕ್ಕಿಂತ ನಿನ್ನ ಮಾತು ನನಗೆ ಗಟ್ಟಿ" ಎಂದು ಮಸು ಉತ್ತರಿಸಿದಳು. ಜೊತೆಗೆ ಕೊಹಾರು ಬಿಡಿಸಿದ ಚಿತ್ರ, ಇಬ್ಬರು ಅಜ್ಜಿಯರು ಮತ್ತು ಒಂದು ಬಕೆಟ್. ಆಗಸ್ಟಿನಲ್ಲಿ ನಿಜ ಬರೆದು, ಅಂಚೆಚೀಟಿ ಅಂಟಿಸಿ, ಅಂಚೆಗೆ ಹಾಕದೆ ಪೂಜಾಪೀಠದ ಡ್ರಾಯರಿನಲ್ಲಿಟ್ಟೆ. ದಿನಾ ಬೆಳಿಗ್ಗೆ ಗಂಡನ ಪಟದ ಮುಂದೆ ಅನ್ನವಿಡುವಾಗ ಆ ಡ್ರಾಯರಿನ ಕಡೆ ನೋಡುತ್ತಿರಲಿಲ್ಲ.

ಈಗ ಕೊರಳಲ್ಲಿ ಯಂತ್ರ ತೂಗಿಕೊಂಡು ಅವಳ ಅಂಗಳ ದಾಟಿದೆ. ಹಿಂದಕ್ಕೆ ಹೋಗದೆ ತಿರುಗಬಹುದಿತ್ತು. ಆದರೆ ಮನೆಯ ಮೂಲೆಯಿಂದ ಹೊಸ ಹಳದಿ ಬಕೆಟ್ಟು ಕಂಡಿತು. ಹಿಂದಿನ ವಾರ ಸೂರು ಸರಿಮಾಡಲು ಬಂದ ಮಸುವಿನ ಮಗ ಇಟ್ಟುಹೋಗಿದ್ದ, ಪುಟ್ಟ ಸಲಿಕೆಯ ಸಮೇತ, ಕೊಳವೆಯ ಬಾಯಿಗೇ.

ಹೋದೆ. ಯಂತ್ರ ಬೀಪ್ ಬೀಪ್ ಎಂದು ಕೂಗತೊಡಗಿತು.

"ಫುಸಾ-ಸಾನ್!" ಕನ್ನೊ-ಸಾನ್ ನನ್ನ ಜಗಲಿಯಿಂದಲೇ ಕೂಗಿದರು. "ಅದು ಕೆಟ್ಟೋಗಿದೆ ಕಣ್ರೀ! ಮಸು ಮನೆ ಹಿಂದೆ ಕೆಂಪು ಚುಕ್ಕೆ ತೋರಿಸ್ತಿದೆ. ನಿಮ್ಮ ಪಟ್ಟೀಲಿ ಕಮ್ಮಿ ಇದೆಯಲ್ಲ? ತಡೀರಿ, ಅಳಿಸಿಬಿಡ್ತೀನಿ."

"ಅಳಿಸ್ಬೇಡಿ."

ಅವರು ಬೇಲಿಯವರೆಗೆ ಬಂದರು.

"ಯಂತ್ರ ಸರಿಯಾಗೇ ಇದೆ," ಎಂದೆ. "ಪಟ್ಟಿ ಸುಳ್ಳು. ಇಲ್ಲಿ ಅಳೆದಿದ್ದನ್ನ ನಾನು ಬರೀಲೇ ಇಲ್ಲ."

ಮಾತುಮಾತಿಗೆ ಕಾಲೆಳೆಯುವ ಮನುಷ್ಯ. ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು.

"ಮಸುಗೆ ಗೊತ್ತಾ?"

"ಇಲ್ಲ."

"ಸಾಮಾನು ತರೋಕೆ ಲಾರಿ ಗೊತ್ತು ಮಾಡಿದಾರಂತಲ್ಲ. ಈಗ್ಲೇ ಫೋನ್ ಮಾಡಿ."

"ಫೋನಲ್ಲಿ ನಾನು ಅತ್ತುಬಿಡ್ತೀನಿ, ಅವಳು ಪರವಾಗಿಲ್ಲ ಅಂದುಬಿಡ್ತಾಳೆ. ಕಾಗದ ಬರೆದಿಟ್ಟಿದೀನಿ."

"ಯಾವಾಗ?"

"ಆಗಸ್ಟಲ್ಲಿ."

ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಕೈ ಚಾಚಿ ಯಂತ್ರವನ್ನು ನನ್ನ ಕೊರಳಿಂದ ತೆಗೆದರು. "ಈ ಓಣಿ ಇನ್ಮೇಲೆ ನಾನೇ ಅಳೀತೀನಿ," ಎಂದರು, ನನ್ನ ಮುಖ ನೋಡದೆ.

ಮನೆಗೆ ಬಂದು ಡ್ರಾಯರು ಎಳೆದೆ. ಅಕ್ಟೋಬರಿನಲ್ಲಿ ಅಂಚೆ ದರ ಏರಿತ್ತು. ಕಾಗದದ ಮೇಲಿನ ಹಳೆಯ ಅಂಚೆಚೀಟಿಯ ಪಕ್ಕ ಇನ್ನೊಂದು ಅಂಟಿಸಿದೆ. ಮುಚ್ಚಿದ ಶಾಲೆಯ ಹತ್ತಿರದ ಅಂಚೆಪೆಟ್ಟಿಗೆಯವರೆಗೆ ಇಳಿದೆ. ಬೆರಳಿಗೆ ಕಾಗದ ಅಂಟಿಕೊಂಡಿತು. ಬಿಡಿಸಿ ಒಳಗೆ ತಳ್ಳಿದೆ.