ಹಾಲಿಗೆ ಕೊಟ್ಟ ಒಪ್ಪಿಗೆ

ಕರೀಮುನ್ನೀಸಾ ಹೂಂ ಅಂದದ್ದು ನಿಜ. ಜ್ವರದಲ್ಲಿ ಅಂದಳೋ, ನೋವಿನಲ್ಲಿ ಅಂದಳೋ, ಅಂದದ್ದಂತೂ ಅಂದಳು. ಎದೆ ಬಾತು, ಆಸ್ಪತ್ರೆಯವರು ಕೊಯ್ದು ಕೀವು ತೆಗೆದ ಮೇಲೆ ಹಾಲು ಬತ್ತಿಹೋಗಿತ್ತು. ಇಪ್ಪತ್ತು ದಿನದ ಮಗ ಫಜಲುಲ್ಲಾ ಆಡಿನ ಹಾಲು ಕೊಟ್ಟರೆ ಕಕ್ಕುತ್ತಿದ್ದ. ಏಕೀಕರಣವಾದ ವರ್ಷ ಅದು. ಶಿರಾದಲ್ಲಿ ಡಬ್ಬಿಯ ಹಾಲಿನಪುಡಿ ಬಡವರಿಗೆ ಎಟುಕುವ ವಸ್ತುವಾಗಿರಲಿಲ್ಲ.

ಅತ್ತೆ ಅಮೀರ್ ಬಿ ಪಕ್ಕದ ಮನೆಯ ಶರ್ಫುನ್ನೀಸಾಳನ್ನು ಕರೆತಂದಳು. ಮೂರು ತಿಂಗಳ ಹೆಣ್ಣುಮಗುವನ್ನು ಮಣ್ಣು ಮಾಡಿ ಅವಳಿಗೆ ಇನ್ನೂ ವಾರವಾಗಿರಲಿಲ್ಲ. ಕುಪ್ಪಸ ಮಾತ್ರ ಒದ್ದೆಯಾಗುತ್ತಲೇ ಇತ್ತು.

"ನೀನು ಹೂಂ ಅನ್ಬೇಕು ಕಣಮ್ಮ," ಎಂದಳು ಅತ್ತೆ. "ಒಂದು ಗುಟುಕು ಕುಡಿದ್ರೂ ಸಾಕು, ನಮ್ಮಲ್ಲಿ ಅವಳೂ ತಾಯಿನೇ. ಅವಳಿಗೆ ಹುಟ್ಟೋ ಮಕ್ಳೆಲ್ಲ ಇವನಿಗೆ ಒಡಹುಟ್ಟಿದೋರು. ಆಮ್ಯಾಕೆ ಬ್ಯಾಡ ಅಂದ್ರೆ ಆಗಾಕಿಲ್ಲ."

"ಹೂಂ."

ವಾರದ ಮೇಲೆ ಜ್ವರ ಬಿಟ್ಟು ಕಣ್ಣು ತೆರೆದು ನೋಡಿದರೆ, ಮಗನ ಕೆನ್ನೆ ತುಂಬಿತ್ತು. ಹೆತ್ತವಳಿಗೆ ಸಂತೋಷವಾಗಬೇಕಲ್ಲವೇ? ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ತಾನು ಎತ್ತಿಕೊಂಡರೆ ಚೀರುವ ಮಗು ಶರ್ಫುನ್ನೀಸಾಳ ದನಿ ಕೇಳಿದರೆ ಸುಮ್ಮನಾಗುತ್ತಿತ್ತು. ಅವಳೋ, "ನನ್ ಫಜಲೂ" ಎಂದು ಕೆನ್ನೆ ಸವರುತ್ತಿದ್ದಳು. ನನ್ ಅಂತೆ, ನನ್! ತಾನು ಒಪ್ಪಿದ್ದು ಹಾಲಿಗೆ. ಮುದ್ದಿಗೆ ಯಾವಾಗ ಒಪ್ಪಿದ್ದೆ ಎಂದು ಕರೀಮುನ್ನೀಸಾ ವಕೀಲರ ಹಾಗೆ ಒಳಗೊಳಗೇ ವಾದ ಹೂಡಿದಳು. ಗೆದ್ದಳು ಕೂಡ.

"ಹೆಸ್ರು ಕರೀಬ್ಯಾಡ," ಎಂದಳು ಶರ್ಫುನ್ನೀಸಾಳಿಗೆ. "ಮಗೂ ಮುಖದ ಮ್ಯಾಲೆ ಸೆರಗು ಹಾಕು. ನೀನು ಗೋಡೆ ಕಡೆ ನೋಡ್ಕಂಡು ಕುಡಿಸು."

ಶರ್ಫುನ್ನೀಸಾ ಮೂರು ದಿನ ಗೋಡೆ ನೋಡಿದಳು. ಕರೀಮುನ್ನೀಸಾ ಎದುರಿಗೇ ಕೂತು, "ನಾನು ಒಪ್ಪಿದ್ದು ಹಾಲಿಗೆ ಅಷ್ಟೇಯ" ಎಂದು ದಿನವೂ ನೆನಪಿಸುತ್ತ ಕಾವಲು ಕಾದಳು. ಸೆರಗಿನೊಳಗೆ ಮಗು ಗುಟುಕರಿಸುವ ಸದ್ದು ಕೇಳಿದಾಗಲೆಲ್ಲ ತನ್ನ ಬತ್ತಿದ ಎದೆಯನ್ನು ಶಪಿಸಿದಳು, ಅವಳ ತುಂಬಿದ ಎದೆಯನ್ನೂ ಶಪಿಸಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಶರ್ಫುನ್ನೀಸಾ ಹಾಲು ಕುಡಿಸಿ, ಮಗುವನ್ನು ಕರೀಮುನ್ನೀಸಾಳ ಮಡಿಲಿಗೆ ಹಾಕಿದಳು.

"ಆಪಾ, ನೀನು ಏನಕ್ಕೆ ಒಪ್ದೆ ಅಂತ ದಿನಾ ಯೋಳ್ತೀಯ. ನಾನು ಏನಕ್ಕೆ ಒಪ್ದೆ ಅಂತ ಒಬ್ರಾನ ಕೇಳಿದ್ರಾ? ಗೋಡೆ ನೋಡಿದ್ರೆ ನನ್ ಸತ್ತ ಕೂಸೇ ಕಾಣ್ತದೆ. ಇನ್ ನನ್ ಕೈಲಾಗಾಕಿಲ್ಲ."

ಮಧ್ಯಾಹ್ನದ ಹೊತ್ತಿಗೆ ಮಗು ಅತ್ತು ಅತ್ತು ದನಿ ಕಳೆದುಕೊಂಡಿತು. ಆಡಿನ ಹಾಲು ಹಾಕಿದಷ್ಟೂ ಹೊರಗೆ ಬಂತು.

"ನಾನು ಓಗಿ ಕರ್ಕಂಡ್ಬತ್ತೀನಿ," ಎಂದು ಅಮೀರ್ ಬಿ ಎದ್ದಳು.

"ಬ್ಯಾಡ, ನಾನೇ ಓಗ್ತೀನಿ."

ನಲವತ್ತು ದಿನ ತುಂಬದ ಬಾಣಂತಿ ಹೊಸಿಲು ದಾಟುವುದುಂಟೇ? ಅತ್ತೆ ತೋಬಾ ತೋಬಾ ಎನ್ನುತ್ತಿರುವಾಗಲೇ ಕರೀಮುನ್ನೀಸಾ ಮಗುವನ್ನು ಅವಚಿಕೊಂಡು ದಾಟಿದಳು. ಶರ್ಫುನ್ನೀಸಾ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು.

"ಶರ್ಫೂ, ಕುಡಿಸ್ತೀಯಾ?" ಎಂದು ಕೇಳಿದಳು. "ನಿನಗೆ ಇಷ್ಟ ಇದ್ರೆ. ಮುಖ ನೋಡ್ಕಂಡೇ ಕುಡಿಸು."

ಶರ್ಫುನ್ನೀಸಾ ಕೈ ಚಾಚಿದಳು.

ಮಗು ಕುಡಿಯುತ್ತ ಕುಡಿಯುತ್ತ ಕಣ್ಣರಳಿಸಿ ಅವಳ ಮುಖವನ್ನೇ ನೋಡಿತು. ಹೆತ್ತವಳನ್ನು ಅದು ಒಂದು ದಿನವೂ ಹಾಗೆ ನೋಡಿರಲಿಲ್ಲ. ಕರೀಮುನ್ನೀಸಾಳಿಗೆ ಕಿತ್ತುಕೊಂಡು ಓಡಿಹೋಗೋಣ ಅನ್ನಿಸಿತು. ಹೊಟ್ಟೆ ಧಗಧಗ ಉರಿಯಿತು. ಉರಿದರೆ ಉರಿಯಲಿ ಎಂದುಕೊಂಡು, ಮಗುವಿನ ಹೊಟ್ಟೆ ತುಂಬುವವರೆಗೂ ಅಲ್ಲೇ ಕೂತಳು.